ಬೆಕ್ಕಿನ ಮುಖಾಂತರ

ಆ ಮನೆಯಲ್ಲಿ ಅತ್ತೆಗೂ ಸೊಸೆಗೂ ಮಾತಿರಲಿಲ್ಲ. ಜಗಳವಿತ್ತೇ ಅಂದರೆ ಅದೂ ಇಲ್ಲ. ಜಗಳವಾಡುವುದಕ್ಕಾದರೂ ಬಾಯಿ ಬಿಡಬೇಕಲ್ಲ! ಮಗ ಸತ್ತ ದಿನ, ಮನೆ ತುಂಬ ಜನ ಕೂತಿದ್ದಾಗ, ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು: "ಎದೆ ಉರಿ ಅಂತ ಬೆಳಗ್ಗೇನೇ ಹೇಳಿದ. ಗ್ಯಾಸು ಅಂತ ಮಾತ್ರೆ ನುಂಗಿಸಿ ಮಲಗಿಸಿದಳು. ಇವಳ ಕೈಯಾರೆ ಹೋದ ನನ್ನ ಮಗ." ಅಲ್ಲಿಗೆ ಬೀಗ ಬಿದ್ದ ಬಾಯಿ ಮತ್ತೆ ಸೊಸೆಯ ಕಡೆಗೆ ತೆರೆಯಲಿಲ್ಲ. ಸೊಸೆಗಾದರೂ ಎದುರು ಹೇಳಲು ಏನಿತ್ತು? ಮಾತ್ರೆ ಕೊಟ್ಟಿದ್ದು ನಿಜ, ಮಲಗಿಸಿದ್ದು ನಿಜ, ಮುಂದಿನ ಕೋಣೆಯಲ್ಲಿ ಒಬ್ಬಳ ಕೂದಲು ಕತ್ತರಿಸಿ ಬರುವಷ್ಟರಲ್ಲಿ ಗಂಡ ತಣ್ಣಗಾಗಿದ್ದೂ ನಿಜ.

ಬಿಟ್ಟು ಹೋಗೋಣವೆಂದರೆ ಇಬ್ಬರಿಗೂ ಬೇರೆ ದಿಕ್ಕಿಲ್ಲ. ಮನೆ ಅತ್ತೆಯದು, ಊಟ ಸೊಸೆಯ ದುಡಿಮೆಯದು. ಮುಂದಿನ ಕೋಣೆಯೇ ಸೊಸೆಯ ಅಂಗಡಿ. ಒಂದು ತಿರುಗುವ ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ತಲೆ ತೊಳೆಯುವ ತೊಟ್ಟಿ, ಕಿವಿ ಗಡಚಿಕ್ಕುವ ಹಾಗೆ ಕಿರುಚುವ ಕೂದಲು ಒಣಗಿಸುವ ಯಂತ್ರ. ಹೆಂಗಸರ ಕೂದಲು ಕತ್ತರಿಸುವುದು ಅವಳ ಕಸುಬಾದರೂ ಹೆಸರು ಬಂದದ್ದು ಹೇನಿನಿಂದ. ಶಾಲೆಯ ಮಕ್ಕಳ ತಲೆಗೆ ಹೇನು ಬಿತ್ತೋ, ತಾಯಂದಿರು ನೇರ ಇವಳ ಹತ್ತಿರ ಓಡಿ ಬರುತ್ತಿದ್ದರು. ಒಂದು ಔಷಧಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೊಳೆದು, ಒತ್ತು ಹಲ್ಲಿನ ಸೀರಣಿಗೆಯಿಂದ ಎಳೆ ಎಳೆ ಬಾಚಿ ಹೇನನ್ನೂ ಸೀರನ್ನೂ ಬಿಳಿ ಬಟ್ಟೆಯ ಮೇಲೆ ಉದುರಿಸಿ ತೋರಿಸುತ್ತಿದ್ದಳು. ಹಾಗಾಗಿ ಬೀದಿಯ ಮಕ್ಕಳ ಬಾಯಲ್ಲಿ ಅವಳು ಸೀರಣಿಗೆ ಆಂಟಿ. "ಏನು ಕೈಗುಣ ರೀ ನಿಮ್ಮದು!" ಎಂದು ತಾಯಂದಿರು ಹೊಗಳಿದಾಗಲೆಲ್ಲ ಅವಳು ಒಳಬಾಗಿಲ ಕಡೆ ಕಳ್ಳಿಯ ಹಾಗೆ ನೋಡುತ್ತಿದ್ದಳು, ಅತ್ತೆಗೆ ಕೇಳಿಸಿತೋ ಏನೋ ಎಂದು.

ಬೆಕ್ಕು ಬಂದದ್ದು ಹಿತ್ತಲ ಬಾಗಿಲಿನಿಂದ. ಕಸದ ಡಬ್ಬ ಕೆಡವಿ, ಮೀನಿನ ಮುಳ್ಳು ಕಚ್ಚಿಕೊಂಡು. ಹರಿದ ಕಿವಿ, ಎಣಿಸುವ ಹಾಗೆ ಎದ್ದ ಪಕ್ಕೆಲುಬು, ಹೊಟ್ಟೆ ಮಾತ್ರ ತಂಬಿಗೆಯಂತೆ. ಅತ್ತೆ ಪೊರಕೆ ಎತ್ತಿದರು. ಅದು ಓಡುವುದು ಬಿಟ್ಟು ಅವರ ಪಾದದ ಮೇಲೇ ಕೂತು ಮುಳ್ಳು ತಿನ್ನತೊಡಗಿತು. "ಆಹಾ, ಬಂದುಬಿಟ್ಟ ನೋಡು ದೊರೆ! ಸಿಂಹಾಸನ ಹಾಕಿಸಲಾ?" ಎಂದರು ಅತ್ತೆ. ಅಡುಗೆಮನೆಯಲ್ಲಿದ್ದ ಸೊಸೆಯ ಕೈಯ ಲೋಟ ಹಾಗೇ ನಿಂತಿತು. ಆ ದನಿಯಲ್ಲಿ ಗೇಲಿ ಕೇಳಿ ಎಷ್ಟು ಕಾಲವಾಗಿತ್ತು!

ಮಾರನೇ ಬೆಳಗ್ಗೆ ಅತ್ತೆ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೋಡೆ ನೋಡುತ್ತ, "ದೊರೆ, ಈ ಮನೇಲಿ ಟೀ ಕೊಡೋ ಪದ್ಧತಿ ಇದೆಯಾ, ಇಲ್ಲ ಎತ್ತಿಬಿಟ್ಟಿದ್ದಾರಾ, ಕೇಳು" ಎಂದರು. ಸೊಸೆ ಒಂದು ಕ್ಷಣ ಬೆಪ್ಪಾಗಿ ನಿಂತಳು. ಆಮೇಲೆ ಅವಳೂ ಬೆಕ್ಕಿನ ಮುಖ ನೋಡಿ, "ದೊರೆ, ಹಾಲು ಕಾಯ್ತಾ ಇದೆ, ಈಗ ತಂದೆ ಅಂತ ಹೇಳು" ಎಂದಳು. ಟೀ ಕೊಟ್ಟು, ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಸಂತೋಷಕ್ಕೇ ಅತ್ತದ್ದು.

ಅಂದಿನಿಂದ ಬೆಕ್ಕು ಆ ಮನೆಯ ಅಂಚೆ ಕಚೇರಿಯಾಯಿತು. "ದೊರೆ, ಸಾರಿಗೆ ಉಪ್ಪು ಹಾಕೋದು ಮರೆತಿದ್ದಾರೆ ಅನ್ನು." "ದೊರೆ, ಡಾಕ್ಟರೇ ಉಪ್ಪು ಕಮ್ಮಿ ಮಾಡಿ ಅಂದಿದ್ದಾರೆ ಅನ್ನು." "ದೊರೆ, ಡಾಕ್ಟರು ಬಂದು ಈ ಸಾರು ಕುಡೀಲಿ ಅನ್ನು." ಪಾಪ, ಆ ಪ್ರಾಣಿಗೆ ಬರುತ್ತಿದ್ದದ್ದು ಮಿಯಾಂವ್ ಒಂದೇ, ಅದನ್ನೂ ಹಸಿವಾದಾಗ ಮಾತ್ರ ಖರ್ಚು ಮಾಡುತ್ತಿತ್ತು. ಆದರೆ ಕಟ್ಟಳೆ ಮಾತ್ರ ಬಿಗಿ. ಬೆಕ್ಕು ಎದುರಿಗಿಲ್ಲದಿದ್ದರೆ ಮಾತಿಲ್ಲ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅತ್ತೆ ಹಿತ್ತಲಿಗೆ ಹೋಗಿ ಬೆಕ್ಕನ್ನು ಎತ್ತಿಕೊಂಡು ಬಂದು, "ದೊರೆ, ಹಾಲು ಉಕ್ತಾ ಇದೆ ಅನ್ನು" ಎಂದರು. ಅಷ್ಟರಲ್ಲಿ ಹಾಲು ನೆಲ ಸೇರಿತ್ತು. ಹಟವೆಂದರೆ ಹಟ! ಸೊಸೆ ಆ ದಿನ ನೆಲ ಒರೆಸುತ್ತ ನಕ್ಕಳು. ಅತ್ತೆಯೂ ಮುಖ ತಿರುಗಿಸಿಕೊಂಡದ್ದು ನಗು ಮುಚ್ಚಲಿಕ್ಕೇ ಇರಬೇಕು. ಗಂಡ ಹೋದ ಮೇಲೆ ಆ ಮನೆಗೆ ಸಿಕ್ಕ ಸುಖವೆಂದರೆ ಇಷ್ಟು. ಇಷ್ಟನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಹಾಗಾಗಿ ಬೆಕ್ಕು ಕೆರೆದುಕೊಳ್ಳಲು ಶುರುಮಾಡಿದಾಗ ಮೊದಲು ಕಂಡದ್ದು ಅವಳಿಗೇ. ಊಟದ ನಡುವೆ ಬಾಯಿ ಬಿಟ್ಟು ಹಿಂಗಾಲಿನಿಂದ ಕತ್ತು ಕೆರೆದುಕೊಳ್ಳುವುದು, ಮಲಗಿದ್ದದ್ದು ಬೆಂಕಿ ತಾಗಿದ ಹಾಗೆ ಎದ್ದು ಬಾಲದ ಬುಡ ಕಚ್ಚಿಕೊಳ್ಳುವುದು. ಅಲ್ಲಿ ಕೂದಲು ಉದುರಿ ಚರ್ಮ ಕೆಂಪಗೆ ಕಾಣುತ್ತಿತ್ತು. ಅದರ ಜೊತೆಗೇ ಮಲಗುತ್ತಿದ್ದ ಅತ್ತೆಯೂ ಕಣಕಾಲು ಪರಪರ ಕೆರೆದುಕೊಳ್ಳತೊಡಗಿದರು.

ಒಂದು ಬೆಳಗ್ಗೆ ಸೊಸೆ ಬೆಕ್ಕನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಸೀರಣಿಗೆ ಆಡಿಸಿದಳು. ಮೆಣಸಿನ ಪುಡಿಯಂಥ ಕಪ್ಪು ಚೂರುಗಳು ಉದುರಿದವು. ಮಣ್ಣಿರಬಹುದೆಂದು ಬಟ್ಟೆಯ ಮೇಲೆ ನೀರು ಚಿಮುಕಿಸಿದರೆ ಒಂದೊಂದು ಚೂರಿನ ಸುತ್ತಲೂ ಕೆಂಪು ಹರಡಿತು. ರಕ್ತ. ಹುಳ ಹೀರಿ ಹೇತ ಬೆಕ್ಕಿನ ರಕ್ತ. ಹಣಿಗೆಯ ಹಲ್ಲಿನ ನಡುವೆ ಒಂದು ಕಂದು ಹುಳ ಕಂಡಿತು. ಉಗುರಿನಿಂದ ಕುಕ್ಕುವಷ್ಟರಲ್ಲಿ ಟಣ್ಣನೆ ಹಾರಿಹೋಯಿತು. ಹೇನು ಹಾರುವುದಿಲ್ಲ. ಈ ಕಸುಬಿನಲ್ಲಿ ಕೂದಲು ನೆರೆಯುತ್ತ ಬಂದವಳಿಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇದು ಚಿಗಟ ಎಂದೂ ಗೊತ್ತಾಯಿತು. ಹೇನಿನ ದಾಯಾದಿ, ಇದಕ್ಕೂ ಅದೇ ಮದ್ದು ಎಂದುಕೊಂಡಳು.

ಅಷ್ಟರಲ್ಲಿ ಬೆಕ್ಕು ಕೈ ತಪ್ಪಿಸಿಕೊಂಡು ಒಳಗೆ ಓಡಿತು. ಹಿಂದೆಯೇ ಒಳಗಿಂದ, "ದೊರೆ, ನನ್ನ ಹಾಸಿಗೆ ಮೇಲೆ ಅಕ್ಕಿ ಚೆಲ್ಲಿದ್ದು ಯಾರು ಅಂತ ಕೇಳು" ಎಂದು ಕೂಗು ಬಂತು. ಸೊಸೆ ಹೋಗಿ ನೋಡಿದಳು. ಬೆಕ್ಕು ಮಲಗುವ ಜಾಗದಲ್ಲಿ ನಾಲ್ಕಾರು ಒಣಗಿದ ಕಾಳು, ಒಂದು ಹಸಿಯದು. ಹಸಿಯದು ಮೆಲ್ಲಗೆ ಉದ್ದವಾಗಿ, ಗಿಡ್ಡವಾಗಿ, ಮುಂದೆ ಸರಿಯಿತು. ಬೆಕ್ಕಿನ ಬಾಲದ ಕೆಳಗೂ ಅಂಥದೇ ಒಂದು ಅಂಟಿಕೊಂಡಿತ್ತು. "ದೊರೆ, ಇದು ಅಕ್ಕಿಯಲ್ಲ, ನಿನ್ನ ಹೊಟ್ಟೆಯ ಹುಳ ಅನ್ನು. ಅದಕ್ಕೇ ನಿನ್ನ ಹೊಟ್ಟೆ ಗುಡಾಣ ಅನ್ನು." ಅತ್ತೆ ಮಂಚದಿಂದ ಧಡಕ್ಕನೆ ಎದ್ದರು. "ಥೂ ಥೂ! ದೊರೆ, ಏನಾದರೂ ಮಾಡ್ತಾರಾ ಕೇಳು. ನನಗೆ ಮೈಯೆಲ್ಲ ಹರಿದ ಹಾಗಾಗ್ತಾ ಇದೆ."

ಏನಾದರೂ ಮಾಡ್ತಾರಾ ಕೇಳು! ಅತ್ತೆ ಅವಳ ನೆರವು ಬೇಡಿದ್ದು ಅದೇ ಮೊದಲು. ಸೊಸೆಯ ಎದೆ ಉಬ್ಬಿತು. ಪ್ರಾಣಿಗಳ ಡಾಕ್ಟರು ಊರಿನ ಆ ತುದಿಯಲ್ಲಿದ್ದರು, ಹೋಗಬಹುದಿತ್ತು. ಆದರೆ ಇಷ್ಟು ಮಕ್ಕಳ ತಲೆ ಶುಚಿ ಮಾಡಿದವಳು ಒಂದು ಬಡಕಲು ಬೆಕ್ಕನ್ನು ಹೊತ್ತುಕೊಂಡು ಬೇರೆಯವರ ಬಾಗಿಲಿಗೆ ಹೋಗಬೇಕೇ? ಒಳಗೆ ಇನ್ನೊಂದು ಆಸೆಯೂ ಇತ್ತು. ಈ ಕೈಯಿಂದ ಒಂದು ಜೀವ ಚೆನ್ನಾಗಾದದ್ದನ್ನು ಆ ಮುದಿಜೀವ ಕಣ್ಣಾರೆ ನೋಡಲಿ ಎಂಬ ಆಸೆ. ಹೊಟ್ಟೆಯ ಹುಳಕ್ಕೆ ನಾಳೆ ಔಷಧಿ ಅಂಗಡಿಯಲ್ಲಿ ಕೇಳಿದರಾಯಿತು, ಇವತ್ತು ಚಿಗಟಕ್ಕೆ ದಾರಿ ತೋರಿಸೋಣ ಎಂದು ಹೇನಿನ ಔಷಧಿಯ ಬಾಟಲಿ ತಂದಳು. ಎಷ್ಟು ವಯಸ್ಸಿನ ಮಕ್ಕಳಿಗೆ, ಎಷ್ಟು ಹೊತ್ತು ಬಿಡಬೇಕು, ಎಲ್ಲ ಅದರ ಮೇಲೆ ಬರೆದಿತ್ತು. ಬೆಕ್ಕಿಗೆ ಬೇಡ ಅಂತ ಎಲ್ಲೂ ಬರೆದಿರಲಿಲ್ಲ.

"ದೊರೆ, ಬೇಡ ಅನ್ನು. ಅದು ಮನುಷ್ಯರ ತಲೆಗೆ ಹಚ್ಚೋದು ಅನ್ನು" ಎಂದರು ಅತ್ತೆ ಬಾಗಿಲಲ್ಲಿ ನಿಂತು.

"ದೊರೆ, ಚಿಕ್ಕ ಮಕ್ಕಳಿಗೇ ಏನೂ ಆಗಿಲ್ಲ, ನಿನಗೇನು ದಾಡಿ ಅನ್ನು" ಎಂದಳು ಸೊಸೆ. ಕತ್ತಿನಿಂದ ಬಾಲದವರೆಗೆ ಕೂದಲು ಬಿಡಿಸಿ ಬಿಡಿಸಿ ತಿಕ್ಕಿದಳು. ಮಕ್ಕಳ ತಲೆಯಿಂದ ತೊಳೆದುಬಿಡುತ್ತಿದ್ದವಳು, ಚಿಗಟ ಗಟ್ಟಿ ಪಿಂಡವೆಂದು, ಇದನ್ನು ತೊಳೆಯದೆ ಹಾಗೇ ಬಿಟ್ಟಳು. ಬೆಕ್ಕು ಮೈ ಕೊಡವಿ, ಬೆನ್ನು ನೆಕ್ಕಿಕೊಳ್ಳುತ್ತ ಒಳಗೆ ಹೋಯಿತು.

ಮರುದಿನ ಶಾಲೆ ತೆರೆಯುವುದಿತ್ತು. ಅವತ್ತು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮಗು ಕತ್ತರಿ ಕಂಡು ಚೀರುತ್ತಿತ್ತು, ಇನ್ನೊಂದು ಕುರ್ಚಿ ತಿರುಗಿಸುತ್ತಿತ್ತು, ಯಂತ್ರ ಬೇರೆ ಹುಯ್ಯೆನ್ನುತ್ತಿತ್ತು. ಮಧ್ಯಾಹ್ನ ಕನ್ನಡಿಯಲ್ಲಿ ಅವಳಿಗೆ ಅತ್ತೆ ಕಂಡರು. ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಬಾಯಿ ತೆರೆಯಿತು, ಮುಚ್ಚಿತು. ಅಕ್ಕಪಕ್ಕ ನೆಲ ನೋಡಿದರು. ಬೆಕ್ಕು ಜೊತೆಯಲ್ಲಿರಲಿಲ್ಲ. ಹಾಗೇ ಒಳಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ನಿಂತರು, ಮತ್ತೆ ಹೋದರು. ಟೀ ಬೇಕಾಗಿರಬೇಕು, ದೂತ ಎಲ್ಲೋ ಮಲಗಿದ್ದಾನೆ ಎಂದುಕೊಂಡು ಸೊಸೆ ಮನಸ್ಸಿನಲ್ಲೇ ನಕ್ಕು, ಮುಂದಿನ ಮಗುವಿನ ಕೊರಳಿಗೆ ಬಟ್ಟೆ ಕಟ್ಟಿದಳು.

ಕೊನೆಯ ತಾಯಿ ಹೋದ ಮೇಲೆ, ದೀಪ ಹಾಕುವ ಹೊತ್ತಿಗೆ, ಒಳಗೆ ಬಂದಳು. ಅತ್ತೆ ಕತ್ತಲಲ್ಲಿ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಶಾಲಿನಲ್ಲಿ ಸುತ್ತಿದ ಬೆಕ್ಕು. ಅದರ ಕಿವಿ ಪಟಪಟ ಹೊಡೆದುಕೊಳ್ಳುತ್ತಿತ್ತು, ಮೈ ಕಂಪಿಸುತ್ತಿತ್ತು, ಬಾಯಿಂದ ಜೊಲ್ಲು ಇಳಿದು ಶಾಲು ಒದ್ದೆಯಾಗಿತ್ತು. ಕಣ್ಣು ತುಂಬ ಬರೀ ಕಪ್ಪು. ಅತ್ತೆ ಅದರ ಕಿವಿಯ ಹತ್ತಿರ ಬಾಗಿ ಒಂದೇ ಸಮನೆ ಹೇಳುತ್ತಿದ್ದರು: "ಹೇಳೋ ದೊರೆ. ನೀನೇ ಹೇಳೋ ಅವಳಿಗೆ. ನಡುಗ್ತಾ ಇದೀನಿ ಅಂತ ಹೇಳೋ."

ಬಾಡಿಗೆ ಕಾರು ಸಿಕ್ಕಿತು. ದಾರಿಯುದ್ದಕ್ಕೂ ಇಬ್ಬರ ನಡುವೆ ಆ ಶಾಲಿನ ಗಂಟು ನಡುಗುತ್ತಿತ್ತು. ಸೊಸೆ ಬಾಟಲಿಯನ್ನು ಮುಚ್ಚಿಡಲಿಲ್ಲ, ಒಳಗೆ ಹೋದವಳೇ ಪ್ರಾಣಿಗಳ ಡಾಕ್ಟರಮ್ಮನ ಮೇಜಿನ ಮೇಲಿಟ್ಟು, "ಇದನ್ನ ಹಚ್ಚಿದೆ. ನಾನೇ ಹಚ್ಚಿದೆ" ಎಂದಳು. ಡಾಕ್ಟರಮ್ಮ ಬಾಟಲಿ ಓದಿ ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು. "ಮನುಷ್ಯರಿಗೆ ಇದು ಸರಿ. ನಾಯಿಗೂ ಇಂಥದ್ದು ಹಾಕ್ತಾರೆ. ಬೆಕ್ಕಿನ ಮೈಗೆ ಮಾತ್ರ ಇದನ್ನ ಅರಗಿಸಿಕೊಳ್ಳೋ ಶಕ್ತಿ ಇಲ್ಲ, ವಿಷ ಆಗುತ್ತೆ" ಎನ್ನುತ್ತಲೇ ತೋಳಿನ ಬಟ್ಟೆ ಮೇಲಕ್ಕೆ ಮಡಿಸಿ, ಬೆಕ್ಕಿಗೆ ಸೂಜಿ ಚುಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ಅದರ ಮೈ ತೊಳೆಯತೊಡಗಿದರು.

"ಯಾವಾಗಿಂದ ನಡುಗ್ತಾ ಇದೆ?"

"ಈಗ... ಸಂಜೆಯಿಂದ" ಎಂದಳು ಸೊಸೆ.

"ಮಧ್ಯಾಹ್ನದಿಂದ" ಎಂದರು ಅತ್ತೆ ಡಾಕ್ಟರಮ್ಮನಿಗೆ. "ಊಟಕ್ಕೂ ಮುಂಚೆ."

ಡಾಕ್ಟರಮ್ಮ ತಲೆಯೆತ್ತಿದರು. "ಅಯ್ಯೋ, ಆಗಲೇ ತಂದಿದ್ದರೆ! ಇಷ್ಟು ಹೊತ್ತು ಯಾಕೆ ಇಟ್ಟುಕೊಂಡಿದ್ದಿರಿ?"

ಸೊಸೆ ತಿರುಗಿದಳು. ಸಾವಿನ ಮನೆಯ ಆ ದಿನದಿಂದ ಅವಳು ಅತ್ತೆಯ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ. "ಬಾಗಿಲಿಗೆ ಬಂದಿದ್ರಲ್ಲ ಅತ್ತೆ! ಎರಡು ಸಲ ಬಂದು ನಿಂತಿದ್ರಲ್ಲ! ಒಂದು ಮಾತು ಕರೀಬಾರದಾಗಿತ್ತಾ?"

ಅತ್ತೆ ಅಭ್ಯಾಸಬಲದಿಂದ ಬೆಕ್ಕಿನ ಕಡೆ ನೋಡಿದರು, ಉತ್ತರವನ್ನು ಅದರ ಕೈಯಲ್ಲೇ ಕಳಿಸುವವರ ಹಾಗೆ. ಅದು ಮೇಜಿನ ಮೇಲೆ ನೆನೆದು ಚಿಂದಿಯಾಗಿ ಬಿದ್ದಿತ್ತು. ಅತ್ತೆ ಅದರ ಕಿವಿಯ ನೀರನ್ನು ಸೆರಗಿನಿಂದ ಒರೆಸಿದರು. ಸೊಸೆಗೆ ಆಗ ಕನ್ನಡಿಯಲ್ಲಿ ಕಂಡ ಮುಖ ನೆನಪಾಯಿತು. ಅವರು ಕರೆಯಲಿಲ್ಲ, ಸರಿ. ಇವಳಾದರೂ ತಿರುಗಿ ಏನು ಅಂತ ಕೇಳಿದ್ದಳೇ?

ಬೆಕ್ಕಿನ ಕಾಲಿಗೆ ಹನಿ ಹನಿಯಾಗಿ ಇಳಿಯುತ್ತಿದ್ದ ಡ್ರಿಪ್ಪಿನ ಬಾಟಲಿ ಅರ್ಧವಾಗುವ ಮುಂಚೆ ಬೆಕ್ಕು ಸತ್ತಿತು. ಒಳಗೆ ಹುಳ, ಮೇಲೆ ಚಿಗಟ, ಎರಡೂ ಸೇರಿ ಮೊದಲೇ ಹಿಂಡಿಹಾಕಿದ್ದ ಪ್ರಾಣಿ, ತಡೆಯಲಿಲ್ಲ ಎಂದರು ಡಾಕ್ಟರಮ್ಮ. ಮೈ ನೆಕ್ಕುವಾಗ ಚಿಗಟ ಹೊಟ್ಟೆಗೆ ಹೋಗುತ್ತದೆ, ಅದರ ಜೊತೆಗೇ ಲಾಡಿಹುಳುವೂ ಹೋಗುತ್ತದೆ. ಎರಡಕ್ಕೂ ಒಟ್ಟಿಗೇ ಔಷಧಿ ಮಾಡಬೇಕು. ಬೆಕ್ಕಿನದೇ ಔಷಧಿ ಬೇರೆ ಇದೆ. ತೂಕ ನೋಡಿ ಕತ್ತಿನ ಹಿಂದೆ ಕೆಲವು ಹನಿ, ಹುಳಕ್ಕೆ ಒಂದು ಮಾತ್ರೆ. "ಅಷ್ಟೇನಾ?" ಎಂದಳು ಸೊಸೆ. "ಅಷ್ಟೇ" ಎಂದರು ಅವರು. ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಮನೇಲಿ ಚಿಗಟ ಇನ್ನೂ ಇರುತ್ತೆ. ಮೊಟ್ಟೆ ಹಾಸಿಗೇಲಿ, ನೆಲದ ಸಂದೀಲಿ ಇರುತ್ತೆ. ಬೆಕ್ಕಿಲ್ಲ ಅಂದರೆ ನಿಮ್ಮನ್ನೇ ಕಚ್ಚುತ್ತೆ. ಎಲ್ಲ ಬಟ್ಟೆ ಬಿಸಿನೀರಲ್ಲಿ ಒಗೆದು, ಮೂಲೆ ಮೂಲೆ ಗುಡಿಸಿ."

ಹಿತ್ತಲಲ್ಲಿ ಮಣ್ಣು ಮಾಡಿದರು. ಸೊಸೆ ಅಗೆದಳು, ಅತ್ತೆ ಶಾಲಿನ ಸಮೇತ ಇಟ್ಟರು. ಮಾತು ಮುಟ್ಟಿಸುತ್ತಿದ್ದವನೇ ಗುಂಡಿಯಲ್ಲಿದ್ದ.

ಬೀದಿಗೆ ಗೊತ್ತಾಗಲು ಎಷ್ಟು ಹೊತ್ತು? "ಕೇಳಿದೆಯಾ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಂಡಳಂತೆ" ಎಂದು ಅಂಗಡಿಯ ಕಿಟಕಿಯ ಹೊರಗೇ ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಗಾದೆ ಕಟ್ಟಿದವನ ಬಾಯಿಗೆ ಮಣ್ಣು ಬೀಳಲಿ! ಅವಳು ಆ ಕೊತ್ತಿಯನ್ನು ಪ್ರೀತಿಸಿದ ಹಾಗೆ ಹೆತ್ತ ಮಗುವನ್ನೂ ಯಾರೂ ಪ್ರೀತಿಸಿರಲಾರರು. ಹೇನಿನ ಮಕ್ಕಳು ಬರುವುದು ಕಡಿಮೆಯಾಯಿತು. ಬಂದ ಒಂದು ಮಗುವಿನ ತಲೆಗೆ ಔಷಧಿ ಹಚ್ಚಲು ಬಾಟಲಿ ತೆರೆದವಳು ಮತ್ತೆ ಮುಚ್ಚಿಟ್ಟಳು. ಬರೀ ಬಾಚಿ ಕಳಿಸಿದಳು.

ಮನೆಯೊಳಗಂತೂ ಮೊದಲಿಗಿಂತ ಕೆಟ್ಟ ಮೌನ. ಮೊದಲು ಮಾತು ಇರಲಿಲ್ಲ ಅಷ್ಟೇ. ಈಗ ಇದ್ದ ಮಾತು ಸತ್ತಿತ್ತು. ಸೊಸೆ ತನ್ನ ಹೊದಿಕೆ, ಪರದೆ, ಅಂಗಡಿಯ ಬಟ್ಟೆ ಎಲ್ಲ ಕುದಿನೀರಿಗೆ ಹಾಕಿದಳು. ಅತ್ತೆಯ ಕೋಣೆಯ ಮುಂದೆ ಹೋಗಿ ನಿಂತಳು. ಹೊದಿಕೆ ಕೊಡಿ ಅಂತ ಕೇಳುವುದು ಹೇಗೆ? ಯಾರ ಮುಖಾಂತರ? ಡಾಕ್ಟರಮ್ಮನ ಮೇಜಿನ ಮುಂದೆ ಕಿರುಚಿದ್ದು ಒಂದು ಸಲ ಆಗಿಹೋಗಿತ್ತು, ಅದಕ್ಕೆ ಸಿಕ್ಕ ಉತ್ತರವೂ ಗೊತ್ತಿತ್ತು. ಬಿಸಿನೀರಿನ ಬಕೆಟ್ಟು ಬಾಗಿಲ ಮುಂದೆ ಇಟ್ಟು ಹೋದಳು. ಸಂಜೆ ನೋಡಿದರೆ ನೀರು ಅಲ್ಲೇ ತಣ್ಣಗಾಗಿ ನಿಂತಿತ್ತು. ಮಾರನೇ ದಿನವೂ ಇಟ್ಟಳು, ಅದೂ ಹಾಗೇ. ಆ ಹಾಸಿಗೆಯಲ್ಲಿ ಬೆಕ್ಕಿನ ಕೂದಲಿತ್ತು, ಬೆಕ್ಕಿನ ವಾಸನೆಯಿತ್ತು. ಅದನ್ನು ಒಗೆಯಲು ಕೊಡುತ್ತಾರೆಯೇ ಅವರು?

ಒಂದು ಬೆಳಗ್ಗೆ ಅತ್ತೆ ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತ ಬಚ್ಚಲಿಗೆ ಹೋಗುವುದು ಕಂಡಿತು. ಬಟ್ಟೆಯ ಅಂಚು ಸ್ವಲ್ಪ ಮೇಲೆ ಸರಿದಿತ್ತು. ಸೊಸೆ ಕೈಯಲ್ಲಿದ್ದ ಪಾತ್ರೆ ಕೆಳಗೆ ಹಾಕಿ ಓಡಿದಳು. ಕಣಕಾಲಿನಿಂದ ಮೊಣಕಾಲಿನವರೆಗೆ ಕೆಂಪು ಗಂಟುಗಳು, ಕೆರೆದು ಕೆರೆದು ಹುಣ್ಣಾಗಿ, ಕೀವು ತುಂಬಿ, ಕಾಲು ಬಾತು ಹೊಳೆಯುತ್ತಿತ್ತು. ಎಷ್ಟು ರಾತ್ರಿ ಕಚ್ಚಿಸಿಕೊಂಡು ಮಲಗಿದ್ದರೋ!

ಅವಳಿಗೆ ಎಲ್ಲಿತ್ತೋ ಅಷ್ಟು ಸಿಟ್ಟು, ಬಂದುಬಿಟ್ಟಿತು. "ಒಂದು ಜೀವ ಹೋಗಿದ್ದು ಸಾಲದಾ? ಹೀಗೆ ಬಾಯಿ ಮುಚ್ಚಿಕೊಂಡೇ ತಾನೇ ಅದನ್ನೂ ಕಳಕೊಂಡಿದ್ದು! ಕಾಲು ಕೊಳೆತು ಬೀಳೋವರೆಗೂ ಹೇಳಬಾರದು ಅಂತಿದ್ರಾ? ಯಾರಿದ್ದಾರೆ ಈ ಮನೇಲಿ ಬೇರೆ? ನನಗೆ ಹೇಳಬಾರದಾ ಅತ್ತೆ? ನನಗೆ!"

ಅತ್ತೆ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತರು. ಆಮೇಲೆ ಕತ್ತೆತ್ತಿ, ಗೋಡೆಯನ್ನಲ್ಲ, ಕಿಟಕಿಯನ್ನಲ್ಲ, ಅವಳನ್ನೇ ನೋಡಿದರು.

"ನಿನಗೆ ಹೇಳಿದರೆ," ಎಂದರು, "ನೀನು ಔಷಧಿ ಹಚ್ತೀಯ."

ಎಷ್ಟು ಕಾಲದಿಂದ ಕಾದಿದ್ದ ಮಾತು. ಬಂದದ್ದು ಹೀಗೆ. ಅದರಲ್ಲಿ ಕುಹಕವಿರಲಿಲ್ಲ, ಶಾಪವೂ ಇರಲಿಲ್ಲ. ಮುದುಕಿ ನಿಜವಾಗಿ ಹೆದರಿದ್ದರು. ಈ ಮನೆಯಲ್ಲಿ ಆ ಕೈ ಮದ್ದು ಕೊಟ್ಟವರು ಉಳಿಯಲಿಲ್ಲ ಎಂದು ಹೆದರಿ, ಚಿಗಟದ ಬಾಯಿಗೆ ಕಾಲು ಕೊಟ್ಟು ಮಲಗಿದ್ದರು. ಸೊಸೆ ಒದ್ದೆ ನೆಲದ ಮೇಲೆ ಹಾಗೇ ಕೂತಳು. ಅಳು ಬರಲಿಲ್ಲ. ಎರಡು ಕೈಯನ್ನೂ ಕಂಕುಳಲ್ಲಿ ಅಡಗಿಸಿಕೊಂಡಳು. ಆ ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

"ಡಾಕ್ಟರನ್ನೇ ಕರೆಸ್ತೀನಿ," ಎಂದಳು ಕೊನೆಗೆ. "ನಾನು ಏನೂ ಹಚ್ಚಲ್ಲ ಅತ್ತೆ. ಮುಟ್ಟೋದೂ ಇಲ್ಲ."

ಮೂಲೆಯಲ್ಲಿದ್ದ ಬಕೆಟ್ಟಿನಿಂದ ಹಬೆ ಏಳುತ್ತಿತ್ತು. ಅತ್ತೆ ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿಕೊಂಡು, ನೋವಿಗೆ ಹಲ್ಲು ಕಚ್ಚಿ, ಒಂದು ಕಾಲನ್ನು ನಿಧಾನವಾಗಿ ಅವಳ ಮಡಿಲಿಗೆ ಚಾಚಿದರು.

"ಡಾಕ್ಟರು ಬರೋವರೆಗೆ ಹೀಗೇ ಕೂತಿರಲಾ? ನೀರು ಆರಿಹೋಗುತ್ತೆ ಕಣೇ," ಎಂದರು. ಸೊಸೆಯ ಕೈ ಹೊರಗೆ ಬರಲಿಲ್ಲ.

"ಮುಟ್ಟು," ಎಂದರು ಅತ್ತೆ.

ಸೊಸೆ ನೀರಿನ ಬಿಸಿ ನೋಡಿ, ಅದಕ್ಕೆ ಏನನ್ನೂ ಬೆರೆಸದೆ, ಆ ಕಾಲನ್ನು ತೊಳೆದಳು.